ಬಾಬಾ ಯಾ ಸಿಂಬಾ – ಜಾರ್ಜ್ ಆಡಮ್ಸನ್ (1906–1989)

ಮೃಗಾಲಯಗಳಲ್ಲಿ ಪ್ರಾಣಿಗಳನ್ನು ದತ್ತು ಪಡೆಯಲು ಅರ್ಜಿ ಸಲ್ಲಿಸುವ ನಾಗರಿಕರಲ್ಲಿ ಒಂದು ಪ್ರಶ್ನೆ ಸಹಜವಾಗಿ ಮೂಡುತ್ತದೆ. ಆವರಣದೊಳಗೆ ಅತ್ತಿಂದಿತ್ತ ಹೆಜ್ಜೆ ಹಾಕುತ್ತಿರುವ ಸಿಂಹವನ್ನೋ ಹುಲಿಯನ್ನೋ ವರ್ಷಗಟ್ಟಲೆ ಸಾಕುವುದರ ಬದಲು ಯಾವುದಾದರೂ ವನ್ಯಜೀವಿಧಾಮಕ್ಕೆ ಒಯ್ದು ಬಿಡಬಾರದೇಕೆ ಎಂಬುದೇ ಆ ಪ್ರಶ್ನೆ. ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿಯೇ ತಮ್ಮ ಜೀವಿತದ ಕೊನೆಯ ಮೂರು ದಶಕಗಳನ್ನು ಸವೆಸಿ, ಅದಕ್ಕಾಗಿ ದೊಡ್ಡ ಬೆಲೆಯನ್ನು ತೆತ್ತವರು ಕೀನ್ಯಾ ದೇಶದ ಜಾರ್ಜ್ ಆಡಮ್ಸನ್‌ರವರು. ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ಅವರನ್ನು ಬಾಬಾ ಯಾ ಸಿಂಬಾ, ಅಂದರೆ ಸಿಂಹಗಳ ತಂದೆ ಎಂದು ಕರೆಯಲಾಗುತ್ತಿತ್ತು. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ವೃತ್ತಾಂತವನ್ನು ಇಲ್ಲಿ ನೀಡಲಾಗಿದೆ.

ಆಡಮ್ಸನ್‌ರವರು ಹುಟ್ಟಿದ್ದು ಭಾರತದಲ್ಲಿ ಎಂಬುದು ಹಲವರಿಗೆ ತಿಳಿದಿರಲಾರದು. ಇಂದಿನ ಉತ್ತರ ಪ್ರದೇಶದ ಇಟಾವಾ ಪಟ್ಟಣದಲ್ಲಿ 1906ರ ಫೆಬ್ರವರಿ 3ರಂದು ಅವರು ಜನಿಸಿದರು. ಶಾಲಾ ಶಿಕ್ಷಣವನ್ನು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿರುವ ಡೀನ್ ಕ್ಲೋಸ್ ಶಾಲೆಯಲ್ಲಿ ಪಡೆದರು. 1924ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ತಂದೆಯವರ ಕಾಫಿ ತೋಟದಲ್ಲಿ ಕೆಲಸ ಮಾಡಲೆಂದು ಕೀನ್ಯಾಕ್ಕೆ ತೆರಳಿದರು. ತೋಟದ ಕೆಲಸ ಅವರಿಗೆ ಒಗ್ಗಲಿಲ್ಲ. ಚಿನ್ನದ ನಿಕ್ಷೇಪದ ಶೋಧನೆ, ಮೇಕೆಗಳ ವ್ಯಾಪಾರ, ಶಿಕಾರಿಗೆ ಬರುವ ಶ್ರೀಮಂತರಿಗೆ ಮಾರ್ಗದರ್ಶನ ಮುಂತಾದ ನಾನಾ ಉದ್ಯೋಗಗಳಲ್ಲಿ ಸುಮಾರು ಹದಿನಾಲ್ಕು ವರ್ಷ ಕಳೆದರು. ಈ ಯಾವ ಉದ್ಯಮದಲ್ಲಿಯೂ ಲಾಭ ಗಳಿಸಿದವರಲ್ಲ. ಲೆಕ್ಕಪುಸ್ತಕದ ದೃಷ್ಟಿಯಿಂದ ನೋಡಿದರೆ ಅವರ ಇಡೀ ಜೀವನವೇ ನಷ್ಟದ ಬಾಬ್ತು ಎನ್ನಬೇಕಾಗುತ್ತದೆ.

1938ರಲ್ಲಿ ಅವರು ಕೀನ್ಯಾದ ವನ್ಯಮೃಗ ಇಲಾಖೆಗೆ ಸೇರಿದರು. ದೇಶದ ಉತ್ತರದ ಗಡಿ ಜಿಲ್ಲೆಯ ವಾರ್ಡನ್ ಆಗಿ ಇಸಿಯೋಲೊ ಎಂಬ ಊರನ್ನು ಕೇಂದ್ರಸ್ಥಾನವಾಗಿರಿಸಿಕೊಂಡು ಸೇವೆ ಸಲ್ಲಿಸಿದರು. ಅದು ವಿಸ್ತಾರವಾದ, ಮಳೆ ಕಡಿಮೆಯಿರುವ, ರಸ್ತೆಗಳಿಲ್ಲದ ಪ್ರದೇಶ. ಕಳ್ಳಬೇಟೆಯನ್ನು ತಡೆಯುವುದು ಮತ್ತು ಜನರಿಗೂ ಜಾನುವಾರುಗಳಿಗೂ ಹಾನಿ ಮಾಡುವ ಮೃಗಗಳನ್ನು ಕೊಲ್ಲುವುದು, ಇವೆರಡೂ ಅವರ ಕರ್ತವ್ಯದಲ್ಲಿ ಸೇರಿದ್ದವು. ಮುಂದೆ ಸಿಂಹಗಳ ತಂದೆ ಎನಿಸಿಕೊಂಡವರು ಅದಕ್ಕೆ ಮೊದಲು ಸರ್ಕಾರಿ ಕರ್ತವ್ಯದ ನಿಮಿತ್ತ ಸಿಂಹಗಳನ್ನು ಗುಂಡಿಕ್ಕಿ ಕೊಂದವರೂ ಆಗಿದ್ದರು ಎಂಬುದನ್ನು ಮರೆಯುವಂತಿಲ್ಲ. 1944ರಲ್ಲಿ ಅವರು ಜಾಯ್ ಎಂಬುವವರನ್ನು ವಿವಾಹವಾದರು. ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿ ಹುಟ್ಟಿದ ಜಾಯ್‌ರವರು ಒಳ್ಳೆಯ ಚಿತ್ರಕಲಾವಿದೆಯಾಗಿದ್ದರು.

1956ರ ಫೆಬ್ರವರಿ 1ರಂದು ಆಡಮ್ಸನ್‌ರವರು ನರಭಕ್ಷಕ ಸಿಂಹವೊಂದರ ಜಾಡು ಹಿಡಿದು ಹೋಗಿದ್ದಾಗ ಸಿಂಹಿಣಿಯೊಂದು ಅವರ ಮೇಲೆರಗಿ ಬಂದಿತು. ಅದನ್ನು ಕೊಲ್ಲುವುದು ಅನಿವಾರ್ಯವಾಯಿತು. ಅದು ತನ್ನ ಮರಿಗಳ ರಕ್ಷಣೆಗಾಗಿ ಮೇಲೆ ಬಿದ್ದಿತ್ತು ಎಂಬುದು ಆನಂತರ ತಿಳಿಯಿತು. ಬಂಡೆಗಳ ಸಂದಿಯಲ್ಲಿ ಮೂರು ಹೆಣ್ಣು ಮರಿಗಳು ದೊರೆತವು. ದಂಪತಿಗಳು ಅವನ್ನು ಮನೆಯಲ್ಲಿಯೇ ಸಾಕಿದರು. ಮರಿಗಳು ಬೆಳೆದಂತೆ ಮೂರನ್ನೂ ಇರಿಸಿಕೊಳ್ಳುವುದು ಅಸಾಧ್ಯವಾಗಿ, ದೊಡ್ಡವೆರಡನ್ನು ಹಾಲೆಂಡಿನ ರಾಟರ್‌ಡ್ಯಾಮ್ ಮೃಗಾಲಯಕ್ಕೆ ಕಳುಹಿಸಲಾಯಿತು. ಎಲ್ಲಕ್ಕಿಂತ ಚಿಕ್ಕದಾದ ಎಲ್ಸಾ ಮಾತ್ರ ಉಳಿಯಿತು. ಒಂದೇ ತಾಯಿಯ ಮೂರು ಮರಿಗಳಲ್ಲಿ ಎರಡು ಬೋನಿಗೂ ಒಂದು ಕಾಡಿಗೂ ಸೇರಿದ ಈ ಪ್ರಸಂಗವೇ ಅವರ ಮುಂದಿನ ಕಾರ್ಯಕ್ಕೆ ಬೀಜವಾಯಿತೆಂದು ಹೇಳಬಹುದು.

ಎಲ್ಸಾಳನ್ನು ಕಾಡಿಗೆ ಬಿಡುವ ಮೊದಲ ಯತ್ನ 1958ರಲ್ಲಿ ಮಸಾಯ್ ಮಾರಾ ಪ್ರದೇಶದಲ್ಲಿ ನಡೆದು ವಿಫಲವಾಯಿತು. ಹೊಸ ಹವೆ ಒಗ್ಗದೆ ಅದು ಕಾಯಿಲೆ ಬಿದ್ದಿತು. ಬಳಿಕ ಮೇರು ಪ್ರದೇಶದ ನದಿಯೊಂದರ ಬಳಿಗೆ ಅದನ್ನು ಒಯ್ಯಲಾಯಿತು. ಬೇಟೆಯಾಡುವುದನ್ನು ತಾಯಿ ಸಿಂಹ ಕಲಿಸಬೇಕು. ತಾಯಿಯಿಲ್ಲದ ಎಲ್ಸಾಳಿಗೆ ಅದನ್ನು ಮನುಷ್ಯರು ಕಲಿಸಬೇಕಾಯಿತು. ಕಾಡಿನಲ್ಲಿ ಬಿಟ್ಟು ದೂರ ಉಳಿಯುವುದು, ಕೆಲವು ದಿನಗಳ ನಂತರ ಬಂದು ನೋಡುವುದು, ಹಸಿದಿದ್ದರೆ ಮಾಂಸ ನೀಡುವುದು, ಮತ್ತೆ ಬಿಟ್ಟು ಹೋಗುವುದು, ಹೀಗೆ ತಿಂಗಳುಗಳೇ ಕಳೆದವು. ಕೊನೆಗೆ ಎಲ್ಸಾ ತಾನೇ ಬೇಟೆಯಾಡಿತು, ಕಾಡಿನ ಗಂಡು ಸಿಂಹದೊಂದಿಗೆ ಕೂಡಿತು, 1959ರ ಡಿಸೆಂಬರ್‌ನಲ್ಲಿ ಮೂರು ಮರಿಗಳಿಗೆ ಜನ್ಮ ನೀಡಿತು. ಮನುಷ್ಯರ ಕೈಯಲ್ಲಿ ಬೆಳೆದ ಸಿಂಹಿಣಿಯೊಂದು ಕಾಡಿನಲ್ಲಿ ಸಂಸಾರ ಹೂಡಿದ ಈ ವಿಷಯವನ್ನು ಜಾಯ್‌ರವರು 1960ರಲ್ಲಿ ಪ್ರಕಟಿಸಿದ ಬಾರ್ನ್ ಫ್ರೀ ಎಂಬ ಗ್ರಂಥ ಜಗತ್ತಿಗೆ ತಿಳಿಸಿತು.

ಆದರೆ ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ. 1961ರ ಜನವರಿಯಲ್ಲಿ ಎಲ್ಸಾ ಉಣ್ಣೆಯಿಂದ ಹರಡುವ ಜ್ವರಕ್ಕೆ ಬಲಿಯಾಯಿತು. ತಾಯಿಯಿಲ್ಲದ ಮರಿಗಳು ಸುತ್ತಲಿನ ಜನರ ಜಾನುವಾರುಗಳನ್ನು ಹಿಡಿಯತೊಡಗಿದವು. ಅವನ್ನು ಸೆರೆಹಿಡಿದು ಟಾಂಗನ್ಯೀಕಾದ, ಅಂದರೆ ಇಂದಿನ ಟಾಂಜಾನಿಯಾದ, ಸೆರೆಂಗೆಟಿ ರಾಷ್ಟ್ರೀಯ ಉದ್ಯಾನಕ್ಕೆ ಸಾಗಿಸಲಾಯಿತು. ದಂಪತಿಗಳು ಅಲ್ಲಿಯೂ ಹೋಗಿ ಬಹುಕಾಲ ಹುಡುಕಿದರು. ವಿಶಾಲವಾದ ಆ ಹುಲ್ಲುಗಾವಲಿನಲ್ಲಿ ಮರಿಗಳ ಗತಿ ಏನಾಯಿತೆಂಬುದು ಪೂರ್ಣವಾಗಿ ತಿಳಿದುಬರಲಿಲ್ಲ. ಅದೇ ವರ್ಷ ಆಡಮ್ಸನ್‌ರವರು ಇಲಾಖೆಯ ಸೇವೆಯಿಂದ ನಿವೃತ್ತರಾದರು.

ಗ್ರಂಥವನ್ನು ಆಧರಿಸಿದ ಚಲನಚಿತ್ರದ ಚಿತ್ರೀಕರಣ 1964 ಮತ್ತು 1965ರಲ್ಲಿ ಕೀನ್ಯಾದಲ್ಲಿ ನಡೆಯಿತು. ಆಡಮ್ಸನ್‌ರವರು ಸಲಹೆಗಾರರಾಗಿದ್ದರು. ವರ್ಜೀನಿಯಾ ಮೆಕೆನ್ನಾ ಮತ್ತು ಅವರ ಪತಿ ಬಿಲ್ ಟ್ರಾವರ್ಸ್ ಮುಖ್ಯ ಪಾತ್ರಗಳನ್ನು ವಹಿಸಿದ್ದರು. ಚಿತ್ರಕ್ಕಾಗಿ ಹಲವಾರು ಸಿಂಹಗಳನ್ನು ತರಿಸಲಾಗಿತ್ತು. ಸಿಂಹವೊಂದರ ಸ್ವಾತಂತ್ರ್ಯವನ್ನು ಕೊಂಡಾಡುವ ಚಿತ್ರ ಮುಗಿದೊಡನೆ ಅದರಲ್ಲಿ ನಟಿಸಿದ ಸಿಂಹಗಳಲ್ಲಿ ಬಹುಪಾಲನ್ನು ಮೃಗಾಲಯಗಳಿಗೆ ಕಳುಹಿಸಲಾಯಿತು. ಇದಕ್ಕಿಂತ ದೊಡ್ಡ ವಿಪರ್ಯಾಸವನ್ನು ಕಲ್ಪಿಸುವುದು ಕಷ್ಟ. ಆಡಮ್ಸನ್‌ರವರು ಪಟ್ಟು ಹಿಡಿದು ಬಾಯ್, ಗರ್ಲ್ ಮತ್ತು ಉಗಾಸ್ ಎಂಬ ಮೂರು ಸಿಂಹಗಳನ್ನು ಮಾತ್ರ ಪಡೆದುಕೊಳ್ಳುವಲ್ಲಿ ಯಶಸ್ವಿಯಾದರು. ಈ ಪೈಕಿ ಬಾಯ್ ಮತ್ತು ಗರ್ಲ್ ಬ್ರಿಟಿಷ್ ಸೇನಾ ತುಕಡಿಯೊಂದರ ಲಾಂಛನ ಪ್ರಾಣಿಗಳಾಗಿ ಬೆಳೆದವು. ಕಾಡನ್ನೇ ಅರಿಯದ ಇವುಗಳನ್ನು ಮೇರು ಉದ್ಯಾನಕ್ಕೆ ಕರೆದೊಯ್ದು, ಶಿಬಿರ ಹೂಡಿ, ಎಲ್ಸಾಳ ವಿಷಯದಲ್ಲಿ ಕಲಿತ ಪಾಠವನ್ನು ಅವರು ಮತ್ತೊಮ್ಮೆ ಆರಂಭಿಸಿದರು.

ಅವರ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಸಿಂಹವು ಹುಲಿಯಂತೆ ಒಂಟಿಯಾಗಿ ಬದುಕುವ ಪ್ರಾಣಿಯಲ್ಲ. ಅದಕ್ಕೆ ಗುಂಪು ಬೇಕು, ಗುಂಪಿಗೆ ತನ್ನದೇ ಆದ ಪ್ರದೇಶ ಬೇಕು. ಆ ಪ್ರದೇಶದಲ್ಲಿ ಮೊದಲೇ ನೆಲೆಸಿರುವ ಕಾಡು ಸಿಂಹಗಳು ಹೊಸಬರನ್ನು ಸಹಿಸುವುದಿಲ್ಲ. ಕಚ್ಚಿ ಓಡಿಸುತ್ತವೆ ಅಥವಾ ಕೊಲ್ಲುತ್ತವೆ. ಆದಕಾರಣ ಒಂದೇ ಸಿಂಹವನ್ನು ಬೋನಿನಿಂದ ಬಿಡುವುದೆಂದರೆ ಅದನ್ನು ಸಾವಿಗೆ ಒಪ್ಪಿಸಿದಂತೆ. ಆಡಮ್ಸನ್‌ರವರು ಒಂದಕ್ಕೊಂದು ಸಂಬಂಧವಿಲ್ಲದ ಪ್ರಾಣಿಗಳನ್ನು ಒಂದೇ ಆವರಣದಲ್ಲಿ ಇರಿಸಿ, ನಿಧಾನವಾಗಿ ಅವುಗಳಲ್ಲಿ ಬಳಕೆ ಬೆಳೆಸಿ, ಕೃತಕವಾಗಿ ಒಂದು ಕುಟುಂಬವನ್ನು ನಿರ್ಮಿಸುತ್ತಿದ್ದರು. ದಿನವೂ ಅವುಗಳೊಂದಿಗೆ ಕಾಡಿನಲ್ಲಿ ನಡೆದಾಡುತ್ತಿದ್ದರು. ಪ್ರಾಣಿಗಳು ಬಲಿತು ತಾವೇ ದೂರ ಹೋಗುವವರೆಗೆ ಕಾಯುತ್ತಿದ್ದರು. ಇಷ್ಟಕ್ಕೆಲ್ಲ ವರ್ಷಗಳು ಹಿಡಿಯುತ್ತಿದ್ದವು. ಜಾಯ್‌ರವರ ಗ್ರಂಥಗಳಿಂದ ಬಂದ ಹಣ ಬಹುಮಟ್ಟಿಗೆ ಅವರು ಸ್ಥಾಪಿಸಿದ ವನ್ಯಜೀವಿ ನಿಧಿಗೆ ಸಂದಾಯವಾಗುತ್ತಿದ್ದುದರಿಂದ, ಆಡಮ್ಸನ್‌ರವರ ಕೈಯಲ್ಲಿ ಹಣ ಸದಾ ಕಡಿಮೆಯೇ. ಅಲ್ಪ ಪಿಂಚಣಿಯೇ ಅವರಿಗೆ ಖಚಿತವಾದ ಆದಾಯವಾಗಿತ್ತು.

1969ರಲ್ಲಿ ಮೇರು ಉದ್ಯಾನದಲ್ಲಿ ಅವಘಡ ಸಂಭವಿಸಿತು. ಉದ್ಯಾನದ ವಾರ್ಡನ್‌ರವರ ಪುಟ್ಟ ಮಗ ವಾಹನದಲ್ಲಿ ಕುಳಿತಿದ್ದಾಗ ಬಾಯ್ ಸಿಂಹವು ಮಗುವಿನ ತೋಳನ್ನು ಕಚ್ಚಿತು. ಮಗು ಬದುಕಿ ಉಳಿಯಿತು. ಆದರೆ ಮನುಷ್ಯರ ಭಯವಿಲ್ಲದ ಸಿಂಹಗಳನ್ನು ಪ್ರವಾಸಿಗರು ಸಂಚರಿಸುವ ಉದ್ಯಾನದಲ್ಲಿ ಇರಗೊಡಲು ಅಧಿಕಾರಿಗಳು ಒಪ್ಪಲಿಲ್ಲ. ಆಡಮ್ಸನ್‌ರವರು ಮೇರುವನ್ನು ತೊರೆಯಬೇಕಾಯಿತು. ಉದ್ಯಾನದ ಅಧಿಕಾರಿಗಳ ನಿಲುವಿನಲ್ಲಿ ತಪ್ಪು ಹುಡುಕಲಾಗದು. ಪ್ರವಾಸಿಗರ ಸುರಕ್ಷತೆಯ ಹೊಣೆ ಅವರದಾಗಿತ್ತು. ಅಷ್ಟರಲ್ಲಿ ಬಾಯ್ ಸಿಂಹದ ಕಾಲಿನ ಮೂಳೆ ಮುರಿದು, ಪಶುವೈದ್ಯರು ಉಕ್ಕಿನ ಸರಳು ಅಳವಡಿಸಿ ಶಸ್ತ್ರಚಿಕಿತ್ಸೆ ನಡೆಸಿದ್ದರು. ಅದರ ಆರೈಕೆ ನೈವಾಶಾ ಸರೋವರದ ದಂಡೆಯಲ್ಲಿದ್ದ ಜಾಯ್‌ರವರ ಎಲ್ಸಾಮೇರ್ ಎಂಬ ಮನೆಯಲ್ಲಿ ನಡೆಯಿತು.

ಇದೇ ವೇಳೆಗೆ ಲಂಡನ್ ನಗರದಲ್ಲಿ ಮತ್ತೊಂದು ಸಿಂಹದ ಕಥೆ ನಡೆಯುತ್ತಿತ್ತು. 1969ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಇಲ್‌ಫ್ರಾಕೂಂಬ್ ಮೃಗಾಲಯದಲ್ಲಿ ಹುಟ್ಟಿದ ಗಂಡು ಮರಿಯೊಂದನ್ನು ಲಂಡನ್ನಿನ ಹ್ಯಾರಡ್ಸ್ ಎಂಬ ದೊಡ್ಡ ಅಂಗಡಿ ಮಾರಾಟಕ್ಕಿಟ್ಟಿತ್ತು. ಆ ಕಾಲದಲ್ಲಿ ಅಲ್ಲಿ ಅದಕ್ಕೆ ನಿರ್ಬಂಧವಿರಲಿಲ್ಲ. ಆಂಟನಿ ಬೂರ್ಕ್ ಮತ್ತು ಜಾನ್ ರೆಂಡಾಲ್ ಎಂಬ ಆಸ್ಟ್ರೇಲಿಯಾದ ಇಬ್ಬರು ತರುಣರು ಅದನ್ನು 250 ಗಿನಿಗಳಿಗೆ ಕೊಂಡು, ಕ್ರಿಶ್ಚಿಯನ್ ಎಂದು ಹೆಸರಿಟ್ಟು, ಪೀಠೋಪಕರಣದ ಅಂಗಡಿಯ ನೆಲಮಾಳಿಗೆಯಲ್ಲಿ ಸಾಕಿದರು. ಮರಿ ಬೆಳೆಯುತ್ತಿತ್ತು, ನೆಲಮಾಳಿಗೆ ಬೆಳೆಯುತ್ತಿರಲಿಲ್ಲ. ಆಕಸ್ಮಿಕವಾಗಿ ಆ ಅಂಗಡಿಗೆ ಬಂದ ಬಿಲ್ ಟ್ರಾವರ್ಸ್‌ರವರು ಆಡಮ್ಸನ್‌ರವರನ್ನು ಸಂಪರ್ಕಿಸಿದರು. ಕೀನ್ಯಾ ಸರ್ಕಾರದ ಅನುಮತಿ ದೊರೆತ ನಂತರ 1970ರ ಆಗಸ್ಟ್‌ನಲ್ಲಿ ಕ್ರಿಶ್ಚಿಯನ್‌ನನ್ನು ವಿಮಾನದಲ್ಲಿ ನೈರೋಬಿಗೆ ಸಾಗಿಸಲಾಯಿತು.

ಸರ್ಕಾರವು ಈ ಕಾರ್ಯಕ್ಕೆ ಒಪ್ಪಿದ ಸ್ಥಳ ಕೋರಾ. ತಾನಾ ನದಿಯ ದಕ್ಷಿಣ ದಂಡೆಯ ಮೇಲಿರುವ, ಮುಳ್ಳುಗಿಡಗಳು ಮತ್ತು ಬಂಡೆಗುಡ್ಡಗಳಿಂದ ಕೂಡಿದ ಒಣ ಪ್ರದೇಶವದು. ಜನವಸತಿ ಇಲ್ಲದಿರುವುದೇ ಅದರ ಅರ್ಹತೆಯಾಗಿತ್ತು. ಆಡಮ್ಸನ್‌ರವರು ತಮ್ಮ ಸಹೋದರ ಟೆರೆನ್ಸ್‌ರವರ ನೆರವಿನಿಂದ ಅಲ್ಲಿ ತಂತಿಬಲೆಯ ಬೇಲಿಯೊಳಗೆ ಗುಡಿಸಲುಗಳನ್ನು ಕಟ್ಟಿಸಿದರು. ಇದುವೇ ಕಂಪಿ ಯಾ ಸಿಂಬಾ, ಅರ್ಥಾತ್ ಸಿಂಹದ ಶಿಬಿರ. ಬೇಲಿಯ ಒಳಗೆ ಮನುಷ್ಯರು, ಹೊರಗೆ ಸಿಂಹಗಳು. ಮೃಗಾಲಯದ ವ್ಯವಸ್ಥೆ ಇಲ್ಲಿ ತಿರುವು ಮುರುವಾಗಿತ್ತು. ಗುಣಮುಖನಾದ ಬಾಯ್, ಲಂಡನ್ನಿನ ಕ್ರಿಶ್ಚಿಯನ್ ಮತ್ತು ಕಟಾನಿಯಾ ಎಂಬ ಪುಟ್ಟ ಹೆಣ್ಣು ಮರಿ, ಇವು ಹೊಸ ಕುಟುಂಬದ ಮೊದಲ ಸದಸ್ಯರು. ದೊಡ್ಡ ಗಂಡು ಸಿಂಹ ಎಳೆಯ ಗಂಡನ್ನು ಸುಲಭವಾಗಿ ಒಪ್ಪುವುದಿಲ್ಲ. ಇಬ್ಬರೊಂದಿಗೂ ಆಟವಾಡುತ್ತಿದ್ದ ಕಟಾನಿಯಾ ಮರಿಯೇ ಅವರ ನಡುವಿನ ಸೇತುವೆಯಾಯಿತು. ಅದು ಬಹುಕಾಲ ಬದುಕಲಿಲ್ಲ. ನದಿಯ ಬಳಿ ಕಣ್ಮರೆಯಾಯಿತು, ಮೊಸಳೆಗೆ ಸಿಕ್ಕಿರಬೇಕೆಂದು ಭಾವಿಸಲಾಯಿತು.

1971ರ ಜೂನ್ ತಿಂಗಳಿನಲ್ಲಿ ಆಡಮ್ಸನ್‌ರವರ ಜೀವನದ ಅತ್ಯಂತ ದುಃಖಕರ ಘಟನೆ ನಡೆಯಿತು. ಶಿಬಿರದ ಸಹಾಯಕರಲ್ಲೊಬ್ಬರು ಬೇಲಿಯ ಹೊರಗೆ ಹೋಗಿದ್ದಾಗ ಬಾಯ್ ಅವರ ಮೇಲೆ ಎರಗಿತು. ಕೂಗು ಕೇಳಿ ಆಡಮ್ಸನ್‌ರವರು ಬಂದೂಕು ಹಿಡಿದು ಓಡಿದರು, ತಾವೇ ಸಾಕಿ ಸಲಹಿದ, ಮೂಳೆ ಮುರಿದಾಗ ತಿಂಗಳುಗಟ್ಟಲೆ ಆರೈಕೆ ಮಾಡಿದ ಸಿಂಹವನ್ನು ಅಲ್ಲಿಯೇ ಗುಂಡಿಕ್ಕಿ ಕೊಂದರು. ಗಾಯಗೊಂಡ ಸಹಾಯಕರು ಕೆಲವೇ ನಿಮಿಷಗಳಲ್ಲಿ ಪ್ರಾಣಬಿಟ್ಟರು. ಆಡಮ್ಸನ್‌ರವರನ್ನು ಕುರಿತ ಬರಹಗಳಲ್ಲಿ ಸಿಂಹಗಳ ಹೆಸರುಗಳೇ ಹೆಚ್ಚಾಗಿ ಕಾಣಸಿಗುತ್ತವೆ. ಕೂಲಿಗಾಗಿ ದುಡಿದು ಪ್ರಾಣ ತೆತ್ತ ಈ ಸಹಾಯಕರ ವಿಷಯ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಮನುಷ್ಯರ ಒಡನಾಟದಲ್ಲಿ ಬೆಳೆದ ಸಿಂಹಕ್ಕೆ ಮನುಷ್ಯರ ಹೆದರಿಕೆ ಇರುವುದಿಲ್ಲ. ಈ ಒಂದು ಕೊರತೆಯನ್ನು ಯಾವ ತರಬೇತಿಯಿಂದಲೂ ತುಂಬಲಾಗಲಿಲ್ಲ ಎಂಬುದೇ ಅವರ ಪ್ರಯೋಗಕ್ಕೆ ಅಂಟಿಕೊಂಡ ಕಳಂಕ. 1975ರಲ್ಲಿ ಅವರ ಬಲಗೈಯಂತಿದ್ದ ಟೋನಿ ಫಿಟ್ಜ್‌ಜಾನ್‌ರವರು ಸಿಂಹದ ದಾಳಿಗೆ ಸಿಕ್ಕಿ ಸಾವಿನ ಅಂಚಿಗೆ ಹೋಗಿ ಬಂದರು. ಸಹೋದರ ಟೆರೆನ್ಸ್‌ರವರೂ ಒಮ್ಮೆ ಗಾಯಗೊಂಡರು.

ಬಾಯ್ ಸತ್ತ ಮೇಲೆ ಹರೆಯದ ಕ್ರಿಶ್ಚಿಯನ್ ಕಾಡು ಸಿಂಹಗಳನ್ನು ಒಂಟಿಯಾಗಿ ಎದುರಿಸಬೇಕಾಯಿತು. ಗಾಯಗೊಂಡರೂ ಬದುಕಿ ಉಳಿಯಿತು. ಅದೇ 1971ರಲ್ಲಿ ಲಂಡನ್ನಿನ ಇಬ್ಬರು ತರುಣರು ನೋಡಲು ಬಂದಾಗ ಅದು ಗುಡ್ಡವಿಳಿದು ಬಂದು ಅವರನ್ನು ಅಪ್ಪಿಕೊಂಡ ದೃಶ್ಯವನ್ನು ಚಿತ್ರೀಕರಿಸಲಾಗಿತ್ತು. 2008ರಲ್ಲಿ ಈ ದೃಶ್ಯ ಅಂತರಜಾಲದ ಮೂಲಕ ಕೋಟ್ಯಂತರ ಜನರನ್ನು ತಲುಪಿತು. 1973ರಲ್ಲಿ ಕ್ರಿಶ್ಚಿಯನ್ ಶಿಬಿರಕ್ಕೆ ಬರುವುದನ್ನು ನಿಲ್ಲಿಸಿ ದೂರದ ಕಾಡಿಗೆ ಹೊರಟುಹೋಯಿತು. ಆಮೇಲೆ ಯಾರಿಗೂ ಕಾಣಲಿಲ್ಲ. ಮೃಗಾಲಯದಲ್ಲಿ ಹುಟ್ಟಿದ ಸಿಂಹವೊಂದು ಕಾಡಿಗೆ ಮರಳಬಲ್ಲದು ಎಂಬುದಕ್ಕೆ ಇದು ಸಾಕ್ಷಿ ಎಂದು ಹಲವರು ಹೇಳುತ್ತಾರೆ. ಅಪ್ಪುಗೆಯ ದೃಶ್ಯವನ್ನು ನೋಡಿ ಕಣ್ಣು ತುಂಬಿಕೊಂಡವರು, ಅದರ ಹಿಂದೆ ಕೆಲವೇ ತಿಂಗಳು ಮುಂಚೆ ಅದೇ ಶಿಬಿರದಲ್ಲಿ ಸಂಭವಿಸಿದ ಸಾವನ್ನೂ ನೆನೆಯಬೇಕಾಗುತ್ತದೆ. 1973ರಲ್ಲಿಯೇ ಕೋರಾ ಪ್ರದೇಶವನ್ನು ರಾಷ್ಟ್ರೀಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಆನಂತರವೂ ಅನಾಥ ಮರಿಗಳು ಕೋರಾಕ್ಕೆ ಬರುತ್ತಲೇ ಇದ್ದವು. ದಂಪತಿಗಳು ಬಹುಕಾಲದಿಂದ ಬೇರೆ ಬೇರೆಯಾಗಿಯೇ ವಾಸವಾಗಿದ್ದರು. ಶಾಬಾ ಎಂಬಲ್ಲಿ ಚಿರತೆಯೊಂದನ್ನು ಕಾಡಿಗೆ ಮರಳಿಸುವ ಕಾರ್ಯದಲ್ಲಿ ತೊಡಗಿದ್ದ ಜಾಯ್‌ರವರು 1980ರ ಜನವರಿ 3ರಂದು ಕೊಲೆಯಾದರು. ಸಿಂಹ ಕೊಂದಿತೆಂದು ಮೊದಲು ಸುದ್ದಿಯಾಯಿತು. ಹಿಂದೆ ಅವರಲ್ಲಿ ಕೆಲಸಕ್ಕಿದ್ದ ವ್ಯಕ್ತಿಯೊಬ್ಬ ಅಪರಾಧಿಯೆಂದು ಆಮೇಲೆ ತೀರ್ಪಾಯಿತು. 1986ರಲ್ಲಿ ಟೆರೆನ್ಸ್‌ರವರು ತೀರಿಕೊಂಡರು. ದಾಳಿಗಳ ಕಾರಣದಿಂದ ಹೊಸ ಸಿಂಹಗಳನ್ನು ತರುವುದಕ್ಕೆ ಸರ್ಕಾರ ತಡೆಯೊಡ್ಡಿದ ವರ್ಷಗಳೂ ಇದ್ದವು. ದನ ಒಂಟೆಗಳ ದೊಡ್ಡ ಹಿಂಡುಗಳೊಡನೆ ದನಗಾಹಿಗಳೂ, ಬಂದೂಕುಗಳೊಡನೆ ಕಳ್ಳಬೇಟೆಗಾರರೂ ಕೋರಾವನ್ನು ಪ್ರವೇಶಿಸಿದ್ದರು. ಎಂಬತ್ತು ದಾಟಿದ ವೃದ್ಧರು ಶಿಬಿರವನ್ನು ಬಿಟ್ಟು ಹೋಗಲು ಒಪ್ಪಲಿಲ್ಲ.

1989ರ ಆಗಸ್ಟ್ 20ರಂದು ಶಿಬಿರದ ವಾಹನವೊಂದು ವಿಮಾನದ ಇಳಿದಾಣದ ಕಡೆಗೆ ಹೋಗುತ್ತಿದ್ದಾಗ ಶಸ್ತ್ರಸಜ್ಜಿತ ದರೋಡೆಕೋರರು ಅದನ್ನು ಅಡ್ಡಗಟ್ಟಿದರು. ಅದರಲ್ಲಿ ಅತಿಥಿ ಮಹಿಳೆಯೊಬ್ಬರಿದ್ದರು. ಗುಂಡಿನ ಸದ್ದು ಕೇಳಿದ ಆಡಮ್ಸನ್‌ರವರು ಸಹಾಯಕರೊಂದಿಗೆ ಲ್ಯಾಂಡ್ ರೋವರ್ ಏರಿ ನೇರವಾಗಿ ದರೋಡೆಕೋರರತ್ತ ಧಾವಿಸಿದರು. ಅತಿಥಿಯ ಪ್ರಾಣ ಉಳಿಯಿತು. ಆಡಮ್ಸನ್‌ರವರೂ ಅವರ ಇಬ್ಬರು ಸಹಾಯಕರೂ ಗುಂಡಿಗೆ ಬಲಿಯಾದರು. ಅವರಿಗೆ ಆಗ 83 ವರ್ಷ. ಸಹೋದರನ ಸಮಾಧಿಯ ಪಕ್ಕದಲ್ಲಿ, ಅವರ ಒಂದು ಸಿಂಹದ ಸಮಾಧಿಯ ಸಮೀಪದಲ್ಲಿಯೇ, ಕೋರಾದಲ್ಲಿ ಅವರನ್ನು ಮಣ್ಣು ಮಾಡಲಾಯಿತು. ಅವರ ಮರಣದ ತರುವಾಯ ಕೋರಾಕ್ಕೆ ರಾಷ್ಟ್ರೀಯ ಉದ್ಯಾನದ ಸ್ಥಾನ ದೊರೆಯಿತು.

ಆಡಮ್ಸನ್‌ರವರ ಕಾರ್ಯಕ್ಕೆ ಭಾರತದಲ್ಲಿ ಸಮೀಪವಾದ ಒಂದು ಉದಾಹರಣೆಯುಂಟು. ಉತ್ತರ ಪ್ರದೇಶದ ದುಧ್ವಾ ಕಾಡಿನಲ್ಲಿ ಬಿಲ್ಲಿ ಅರ್ಜನ್ ಸಿಂಗ್‌ರವರು 1976ರಲ್ಲಿ ಇಂಗ್ಲೆಂಡಿನ ಟ್ವೈಕ್ರಾಸ್ ಮೃಗಾಲಯದಿಂದ ತಾರಾ ಎಂಬ ಹೆಣ್ಣು ಹುಲಿಮರಿಯನ್ನು ತಂದು ಸಾಕಿ ಕಾಡಿಗೆ ಬಿಟ್ಟರು. ಅದು ಶುದ್ಧ ಭಾರತೀಯ ತಳಿಯಲ್ಲ, ಸೈಬೀರಿಯಾದ ಹುಲಿಯ ಅಂಶ ಅದರಲ್ಲಿ ಬೆರೆತಿದೆ ಎಂಬ ವಿವಾದ ಬಹುಕಾಲ ನಡೆಯಿತು. ತಳಿಯ ಪ್ರಶ್ನೆ ಸಿಂಹಗಳಿಗೂ ಅನ್ವಯಿಸುತ್ತದೆ. ಸಿಂಹ, ಹುಲಿ, ಚಿರತೆಗಳನ್ನು ಪ್ರದರ್ಶನಕ್ಕೆ ಬಳಸುವುದನ್ನು ಕೇಂದ್ರ ಸರ್ಕಾರ 1998ರಲ್ಲಿ ನಿಷೇಧಿಸಿ, 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದ ಮೇಲೆ ಸರ್ಕಸ್ಸುಗಳಿಂದ ಬಿಡುಗಡೆಯಾದ ಪ್ರಾಣಿಗಳನ್ನು ಬನ್ನೇರುಘಟ್ಟವೂ ಸೇರಿದಂತೆ ಕೆಲವು ಪುನರ್ವಸತಿ ಕೇಂದ್ರಗಳಲ್ಲಿ ಇರಿಸಲಾಯಿತು. ಅವುಗಳಲ್ಲಿ ಅನೇಕ ಸಿಂಹಗಳು ಆಫ್ರಿಕಾ ಮತ್ತು ಏಷ್ಯಾದ ತಳಿಗಳ ಮಿಶ್ರಣವಾಗಿದ್ದುದರಿಂದ ಗೀರ್ ಕಾಡಿಗೆ ಬಿಡುವ ಮಾತೇ ಇರಲಿಲ್ಲ. ಮೆಕೆನ್ನಾ ಮತ್ತು ಟ್ರಾವರ್ಸ್ ದಂಪತಿಗಳು 1984ರಲ್ಲಿ ಆರಂಭಿಸಿ, ಮುಂದೆ ಬಾರ್ನ್ ಫ್ರೀ ಎಂಬ ಹೆಸರು ಪಡೆದ ಸಂಸ್ಥೆಯು ಯೂರೋಪಿನಲ್ಲಿ ರಕ್ಷಿಸಿದ ಹುಲಿಗಳು ಸಹ ಬನ್ನೇರುಘಟ್ಟಕ್ಕೆ ಬಂದವು. ಅವುಗಳಿಗೆ ದೊರೆತದ್ದು ಗಿಡಮರಗಳಿರುವ ವಿಶಾಲ ಆವರಣ, ಬೇಲಿಯಿಲ್ಲದ ಕಾಡಲ್ಲ.

ಆಡಮ್ಸನ್‌ರವರು ಕೊನೆಯದಾಗಿ ಸಾಕುತ್ತಿದ್ದ ಬಾಟಿಯನ್, ಫುರಾಹಾ ಮತ್ತು ರಫೀಕಿ ಎಂಬ ಮೂರು ಮರಿಗಳನ್ನು ಅವರ ಮರಣಾನಂತರ ಗ್ಯಾರೆತ್ ಪ್ಯಾಟರ್ಸನ್‌ರವರು ಬೋಟ್ಸ್ವಾನಾ ದೇಶದ ಟುಲಿ ಪ್ರದೇಶಕ್ಕೆ ಒಯ್ದರು. ಮರಿಗಳು ಬೆಳೆದು ಬೇಟೆ ಕಲಿತವು. ಗಂಡಾದ ಬಾಟಿಯನ್ ಗಡಿ ದಾಟಿ ದಕ್ಷಿಣ ಆಫ್ರಿಕಾದ ನೆಲದಲ್ಲಿ ಬೇಟೆಗಾರರ ಗುಂಡಿಗೆ ಬಲಿಯಾಯಿತು. ಮನುಷ್ಯನೊಬ್ಬನ ಸಾವಿನ ಆರೋಪ ಬಂದ ಮೇಲೆ ಫುರಾಹಾಳನ್ನು ಕೊಲ್ಲಲಾಯಿತು. ಕಾಡಿನಲ್ಲಿ ಉಳಿದದ್ದು ರಫೀಕಿ ಒಂದೇ.